ಸಂಘಟಕರಿಲ್ಲದ ಜಾತ್ರೆ: ಕೊಲ್ಕತ್ತದ ಚೈತ್ರ ಸೇಲ್

ಪ್ರತಿ ವರ್ಷ ಮಾರ್ಚ್ ನಡುವಿನಿಂದ ಏಪ್ರಿಲ್ ನಡುವಿನವರೆಗೆ ಕೊಲ್ಕತ್ತದ ಫುಟ್‌ಪಾತ್‌ಗಳ ಮೇಲೆ ನಡೆಯುವ ‘ಚೈತ್ರ ಸೇಲ್’ ಎಂಬ ಬೀದಿ ಮಾರಾಟವು ಆ ನಗರದ ವಾರ್ಷಿಕ ಸಂತೆಗಳ ಪೈಕಿ ಅತ್ಯಂತ ವಿಸ್ತಾರವಾದುದಾದರೂ, ಅದಕ್ಕೆ ಆಮಂತ್ರಣ ಪತ್ರಿಕೆಯಾಗಲಿ, ಉದ್ಘಾಟನೆಯಾಗಲಿ, ಅದನ್ನು ನಡೆಸುವ ಸಮಿತಿಯಾಗಲಿ ಇಲ್ಲ. ಇದೇ ನಗರದ ಮತ್ತೊಂದು ಪ್ರಸಿದ್ಧ ಮೇಳವಾದ ಪುಸ್ತಕ ಮೇಳವನ್ನು 1976ರಿಂದ ಪ್ರಕಾಶಕರ ಮತ್ತು ಪುಸ್ತಕ ವ್ಯಾಪಾರಿಗಳ ಗಿಲ್ಡ್ ನಡೆಸುತ್ತ ಬಂದಿದೆ. ಅಲ್ಲಿ ಮಳಿಗೆಗಳ ಹಂಚಿಕೆಯಿದೆ, ನಕ್ಷೆಯಿದೆ, ಮುಕ್ತಾಯದ ದಿನ ಮೊದಲೇ ಗೊತ್ತಾಗಿರುತ್ತದೆ. ಚೈತ್ರ ಸೇಲ್‌ಗೂ ಮುಕ್ತಾಯದ ದಿನವಿದೆ, ಆದರೆ ಅದನ್ನು ನಿಗದಿ ಮಾಡುವುದು ಪಂಚಾಂಗ. ಈ ಸಂತೆಯ ಹಿಂದಿರುವ ಶಕ್ತಿ ರಿಯಾಯಿತಿಗಿಂತ ಹೆಚ್ಚಾಗಿ ಲೆಕ್ಕ ಮುಗಿಸಬೇಕೆಂಬ ಒತ್ತಡ ಎಂಬುದನ್ನು ಗಮನಿಸಿದರೆ ಮಾತ್ರ, ಒಂದು ತಿಂಗಳ ಮಟ್ಟಿಗೆ ಇಡೀ ನಗರ ಏಕೆ ಬೀದಿಗಿಳಿಯುತ್ತದೆ ಎಂಬುದು ಅರ್ಥವಾಗುತ್ತದೆ.

ಕನ್ನಡ ಓದುಗರಿಗೆ ಇಲ್ಲಿ ಮೊದಲಿಗೇ ಒಂದು ಗೊಂದಲ ಎದುರಾಗಬಹುದು, ಏಕೆಂದರೆ ಕರ್ನಾಟಕದ ಬಹುಭಾಗದಲ್ಲಿ ಚೈತ್ರವೆಂದರೆ ಯುಗಾದಿಯೊಂದಿಗೆ ಆರಂಭವಾಗುವ ವರ್ಷದ ಮೊದಲ ತಿಂಗಳು. ಅದು ಚಾಂದ್ರಮಾನದ ಎಣಿಕೆ. ಬಂಗಾಳದಲ್ಲಿ ವರ್ಷವನ್ನು ಎಣಿಸುವುದು ಸೌರಮಾನದಿಂದ, ಸೂರ್ಯನು ಮೇಷ ರಾಶಿಯನ್ನು ಪ್ರವೇಶಿಸಿದ ಮೇಲೆ ಅಲ್ಲಿ ಹೊಸ ವರ್ಷ, ಆದ್ದರಿಂದ ಅದಕ್ಕೆ ಮೊದಲು ಬರುವ ಚೈತ್ರವು ವರ್ಷದ ಕಟ್ಟಕಡೆಯ ತಿಂಗಳಾಗುತ್ತದೆ. ಕರಾವಳಿಯ ತುಳುನಾಡಿನಲ್ಲಿ ಬಿಸು ಹಬ್ಬ ಆಚರಿಸುವ ದಿನಗಳಲ್ಲೇ, ಏಪ್ರಿಲ್ 14 ಅಥವಾ 15ರಂದು, ಪಶ್ಚಿಮ ಬಂಗಾಳದಲ್ಲಿ ‘ಪೊಯ್ಲಾ ಬೊಯ್‌ಶಾಖ್’, ಅಂದರೆ ವೈಶಾಖದ ಮೊದಲ ದಿನ, ಹೊಸ ವರ್ಷವಾಗಿ ಬರುತ್ತದೆ. 2025ರ ಏಪ್ರಿಲ್ 15ರಂದು ಅಲ್ಲಿ ಆರಂಭವಾದದ್ದು ಬಂಗಾಬ್ದದ, ಅಂದರೆ ಬಂಗಾಳಿ ಶಕೆಯ, 1432ನೆಯ ವರ್ಷ.

ಮಾರಾಟ ಚೈತ್ರದಲ್ಲೇ ಏಕೆ ಎಂಬ ಪ್ರಶ್ನೆಗೆ ಉತ್ತರ ಕೂಡ ಕರ್ನಾಟಕದವರಿಗೆ ಅಪರಿಚಿತವಲ್ಲ. ಬಂಗಾಳಿ ಹಿಂದೂಗಳಲ್ಲಿ ಚೈತ್ರ ಮಾಸದಲ್ಲಿ ಮದುವೆ ನಡೆಸುವ ರೂಢಿಯಿಲ್ಲ, ಮದುವೆಯಿಲ್ಲದ ತಿಂಗಳಿನಲ್ಲಿ ಜವಳಿ ಅಂಗಡಿಗೆ ಕೆಲಸವಿರುವುದಿಲ್ಲ, ಚಳಿಗಾಲದ ಮದುವೆಗಳಿಗೆಂದು ತರಿಸಿದ ಮಾಲಿನಲ್ಲಿ ಉಳಿದದ್ದು ಕಪಾಟಿನಲ್ಲೇ ಇರುತ್ತದೆ. ಆಷಾಢದಲ್ಲಿ ಬೆಂಗಳೂರು, ಮೈಸೂರುಗಳ ಸೀರೆ ಅಂಗಡಿಗಳು ರಿಯಾಯಿತಿಯ ಫಲಕ ತೂಗುಹಾಕುವುದು ಇದೇ ಲೆಕ್ಕಾಚಾರದಿಂದ. ಆದರೆ ಕೊಲ್ಕತ್ತದಲ್ಲಿ ಈ ಮಂದಗತಿಯ ತಿಂಗಳಿಗೆ ವರ್ಷಾಂತ್ಯವೂ ಸೇರಿಕೊಂಡಿರುವುದರಿಂದ ಒತ್ತಡ ಇಮ್ಮಡಿಯಾಗುತ್ತದೆ: ವೈಶಾಖದ ಮೊದಲ ದಿನ ವ್ಯಾಪಾರಿಯು ಹೊಸ ಲೆಕ್ಕದ ಪುಸ್ತಕ ತೆರೆಯಬೇಕು, ಹಳೆಯ ಪುಸ್ತಕದಲ್ಲಿ ಬಾಕಿ ಉಳಿಯಬಾರದು, ಬಾಕಿ ತೀರಿಸಲು ಕೈಯಲ್ಲಿ ನಗದು ಬೇಕು, ನಗದು ಬರಬೇಕಾದರೆ ಉಳಿದ ಮಾಲು ಸಿಕ್ಕ ಬೆಲೆಗೆ ಹೋಗಬೇಕು. ಇದರ ನಡುವೆಯೇ, ಚೈತ್ರದ ಅರ್ಧದಲ್ಲಿ, ಮಾರ್ಚ್ 31ರಂದು ಸರ್ಕಾರದ ಹಣಕಾಸು ವರ್ಷವೂ ಮುಗಿಯುವುದರಿಂದ ಕೊಲ್ಕತ್ತದ ಅಂಗಡಿಕಾರನು ಎರಡು ವಾರಗಳ ಅಂತರದಲ್ಲಿ ಎರಡು ಸಲ ಲೆಕ್ಕ ಮುಗಿಸುತ್ತಾನೆ. ಒಂದು ತೆರಿಗೆ ಇಲಾಖೆಗಾಗಿ, ಇನ್ನೊಂದು ಲಕ್ಷ್ಮಿ ಗಣೇಶರಿಗಾಗಿ.

ಹೊಸ ಪುಸ್ತಕ ತೆರೆಯುವ ಈ ಆಚರಣೆಯ ಹೆಸರು ‘ಹಾಲ್ ಖಾತಾ’. ಕೆಂಪು ಬಟ್ಟೆಯ ರಟ್ಟಿನ ಉದ್ದನೆಯ ಲೆಕ್ಕದ ಪುಸ್ತಕವನ್ನು ಲಕ್ಷ್ಮಿ ಗಣೇಶರ ಪುಟ್ಟ ಮಣ್ಣಿನ ಮೂರ್ತಿಗಳೊಂದಿಗೆ ಕಾಳಿಘಾಟ್ ಅಥವಾ ದಕ್ಷಿಣೇಶ್ವರದ ಗುಡಿಗೆ ನಸುಕಿನಲ್ಲೇ ಒಯ್ದು, ಮೊದಲ ಪುಟದ ಮೇಲೆ ಸಿಂಧೂರದಿಂದ ಸ್ವಸ್ತಿಕ ಬರೆಸಿ, ಅಂಗಡಿಗೆ ತಂದು ಪೂಜಿಸಿದ ನಂತರ ವ್ಯವಹಾರ ಆರಂಭವಾಗುತ್ತದೆ. ಸಂಜೆ ಖಾಯಂ ಗಿರಾಕಿಗಳನ್ನು ಕರೆದು ಸಿಹಿತಿಂಡಿಯ ಪೊಟ್ಟಣವನ್ನೂ ಹೊಸ ವರ್ಷದ ಕ್ಯಾಲೆಂಡರನ್ನೂ ಕೊಡಲಾಗುತ್ತದೆ, ಉದ್ರಿ ಉಳಿಸಿಕೊಂಡವರು ಆ ಹೊತ್ತಿಗೆ ಪೂರ್ತಿಯಾಗಿಯೋ ಭಾಗಶಃವೋ ತೀರಿಸುವುದು ಮರ್ಯಾದೆಯ ವಿಷಯ. ಇದರ ಮೂಲವನ್ನು ಸಾಮಾನ್ಯವಾಗಿ ಮೊಘಲರ ಕಂದಾಯ ವ್ಯವಸ್ಥೆಗೆ ಜೋಡಿಸುತ್ತಾರೆ. ಹಿಜರಿ ಚಾಂದ್ರ ವರ್ಷವು ಋತುಗಳೊಂದಿಗೆ ಹೊಂದದೆ ಸರಿಯುತ್ತ ಹೋಗುವುದರಿಂದ ಸುಗ್ಗಿಗೂ ಕಂದಾಯದ ಗಡುವಿಗೂ ತಾಳ ತಪ್ಪುತ್ತಿತ್ತು, ಅದನ್ನು ಸರಿಪಡಿಸಲು ಅಕ್ಬರನು 1584ರಲ್ಲಿ ಸೌರ ವರ್ಷವನ್ನು ಜಾರಿಗೆ ತಂದನು ಎಂಬುದು ಆ ವಿವರಣೆ. ಬಂಗಾಬ್ದವು ಅದಕ್ಕೂ ಹಿಂದಿನದು, ಗೌಡ ದೇಶದ ಅರಸ ಶಶಾಂಕನ ಕಾಲದ್ದು ಎನ್ನುವ ವಿದ್ವಾಂಸರೂ ಇದ್ದಾರೆ. ಯಾವ ವಾದ ಗೆದ್ದರೂ, ರೈತರು ಚೈತ್ರದ ಕೊನೆಗೆ ಬಾಕಿ ಸಲ್ಲಿಸಿ ವೈಶಾಖದಲ್ಲಿ ಜಮೀನ್ದಾರನ ಮನೆಯ ‘ಪುಣ್ಯಾಹ’ ಸಮಾರಂಭಕ್ಕೆ ಹೋಗಿ ಸಿಹಿ ಪಡೆಯುತ್ತಿದ್ದ ಪದ್ಧತಿಯ ನೆರಳು ಅಂಗಡಿಯ ಸಿಹಿ ಪೊಟ್ಟಣದ ಮೇಲಿರುವುದು ಸ್ಪಷ್ಟ.

ಸಂತೆ ಹರಡುವ ಮುಖ್ಯ ತಾಣಗಳು ಮೂರು, ಒಂದೊಂದರ ಸ್ವಭಾವ ಒಂದೊಂದು. ದಕ್ಷಿಣದ ಗರಿಯಾಹಾಟ್‌ನಲ್ಲಿ ರಾಸಬಿಹಾರಿ ಅವೆನ್ಯೂ ಮತ್ತು ಗರಿಯಾಹಾಟ್ ರಸ್ತೆಗಳು ಕೂಡುವ ಚೌಕದ ನಾಲ್ಕೂ ದಿಕ್ಕಿಗೆ ಬೀದಿ ವ್ಯಾಪಾರಿಗಳ ಸಾಲುಗಳು ಹಬ್ಬಿವೆ. ದೇಶ ವಿಭಜನೆಯ ನಂತರ ಪೂರ್ವ ಬಂಗಾಳದಿಂದ ಬಂದ ನಿರಾಶ್ರಿತರಲ್ಲಿ ಅನೇಕರು ಬದುಕು ಕಟ್ಟಿಕೊಂಡದ್ದು ಇಂಥ ಫುಟ್‌ಪಾತ್‌ಗಳ ಮೇಲೆಯೇ. ಹತ್ತಿರದ ಲೇಕ್ ಮಾರ್ಕೆಟ್ ಸುತ್ತಮುತ್ತ ಬಹುಕಾಲದಿಂದ ದಕ್ಷಿಣ ಭಾರತೀಯರು ನೆಲೆಸಿರುವುದರಿಂದ, ಕಾಫಿ ಪುಡಿ, ಬಾಳೆ ಎಲೆ, ಮಲ್ಲಿಗೆ ದಂಡೆಗಳಿಗಾಗಿ ಅಲ್ಲಿಗೆ ಹೋಗುವ ಕೊಲ್ಕತ್ತದ ಕನ್ನಡಿಗರಿಗೂ ಗರಿಯಾಹಾಟ್ ದಾರಿಯಲ್ಲೇ ಸಿಗುವ ಪೇಟೆ. ಚೌಕದ ಮೇಲ್ಸೇತುವೆಯ ಕೆಳಗೆ, ಇಷ್ಟೆಲ್ಲ ಕೂಗಾಟದ ನಡುವೆ, ಚದುರಂಗದ ಮಣೆ ಹಾಸಿಕೊಂಡು ತಲೆಯೆತ್ತದೆ ಆಡುವ ಗುಂಪೊಂದು ದಿನವೂ ಕಾಣಸಿಗುತ್ತದೆ, ಸೇಲ್ ಬಂದರೂ ಅವರ ಜಾಗ ಕದಲುವುದಿಲ್ಲ.

ಉತ್ತರದ ಹಾತಿಬಾಗಾನ್ ಹಳೆಯ ಕಲ್ಕತ್ತೆಯ ಪೇಟೆ. ಹಿಂದೆ ಕಾರ್ನ್‌ವಾಲಿಸ್ ಸ್ಟ್ರೀಟ್ ಎನಿಸಿಕೊಂಡಿದ್ದ ಇಂದಿನ ಬಿಧಾನ್ ಸರಣಿಯ ಇಕ್ಕೆಲಗಳಲ್ಲಿ ಒಂದು ಕಾಲಕ್ಕೆ ವೃತ್ತಿ ರಂಗಭೂಮಿಯ ನಾಟಕಶಾಲೆಗಳು ಸಾಲಾಗಿದ್ದವು. 1888ರಿಂದ ಇಲ್ಲಿ ನೆಲೆಯೂರಿದ್ದ ಸ್ಟಾರ್ ಥಿಯೇಟರ್ 1991ರಲ್ಲಿ ಬೆಂಕಿಗೆ ಆಹುತಿಯಾಗಿ, ಪುನರ್ನಿರ್ಮಾಣದ ನಂತರ ಚಿತ್ರಮಂದಿರವಾಗಿ ತೆರೆಯಿತು. 1942ರ ಡಿಸೆಂಬರಿನಲ್ಲಿ ಜಪಾನಿ ವಿಮಾನಗಳು ಹಾಕಿದ ಬಾಂಬುಗಳಲ್ಲೊಂದು ಈ ಬಡಾವಣೆಯ ಮೇಲೆ ಬಿದ್ದದ್ದು ಅಲ್ಲಿನ ಹಿರಿಯರ ಮಾತಿನಲ್ಲಿ ಇಂದಿಗೂ ಬಂದುಹೋಗುತ್ತದೆ. ನಾಟಕಗಳು ಹೋದವು, ಜನಸಂದಣಿ ಉಳಿಯಿತು, ಚೈತ್ರದ ಸಂಜೆಗಳಲ್ಲಿ ಇಲ್ಲಿ ನಡೆಯುವುದಕ್ಕಿಂತ ಹಿಂದಿನವರಿಂದ ತಳ್ಳಿಸಿಕೊಂಡು ಸಾಗುವುದೇ ಹೆಚ್ಚು.

ಮೂರನೆಯದು ನಗರದ ನಡುವಿನ ಧರ್ಮತಲಾ ಅಥವಾ ಎಸ್ಪ್ಲನೇಡ್. ಇಲ್ಲಿನ ನ್ಯೂ ಮಾರ್ಕೆಟ್ ಹೆಸರಿಗೆ ಹೊಸದಾದರೂ 1874ರ ಜನವರಿ 1ರಂದು ತೆರೆದದ್ದು, ಬಿಳಿಯರ ಸಂತೆ ಸಾಮಾನಿಗೆಂದು ನಗರಸಭೆ ಕಟ್ಟಿಸಿದ್ದು. ಇಂದು ಆ ಕೆಂಪು ಇಟ್ಟಿಗೆಯ ಗಡಿಯಾರ ಗೋಪುರದ ಸುತ್ತಲಿನ ಲಿಂಡ್ಸೆ ಸ್ಟ್ರೀಟ್‌ನಲ್ಲಿ ಪೇಟೆಯ ಒಳಗಿಗಿಂತ ಹೊರಗೇ ವ್ಯಾಪಾರ ಜೋರು.

ಹೊರಗಿನವರು ಚೈತ್ರ ಸೇಲ್ ಅನ್ನು ಫ್ಲೀ ಮಾರ್ಕೆಟ್ ಎಂದು ಕರೆಯುವುದುಂಟು, ಅದು ಅರ್ಧ ಮಾತ್ರ ಸರಿ. ಆ ಹೆಸರು ಮೂಲತಃ ಬಳಸಿದ ವಸ್ತುಗಳ ಸಂತೆಗೆ ಸಲ್ಲುತ್ತದೆ: ಫ್ರಾನ್ಸ್‌ನ ಲಿಲ್ ನಗರದಲ್ಲಿ ಸೆಪ್ಟೆಂಬರಿನ ಮೊದಲ ವಾರಾಂತ್ಯ ಬೀದಿಬೀದಿಗಳಲ್ಲಿ ನಡೆಯುವ ಬೃಹತ್ ಸಂತೆಯಾಗಲಿ, ಬೆಂಗಳೂರಿನ ಚಿಕ್ಕಪೇಟೆಯ ಆಸುಪಾಸಿನ ಸಂಡೇ ಬಜಾರ್ ಆಗಲಿ ಆ ಬಗೆಯವು. ಚೈತ್ರ ಸೇಲ್‌ನಲ್ಲಿ ಸಿಗುವುದು ಬಹುಪಾಲು ಹೊಸ ಮಾಲು, ಆದರೆ ಉಳಿಕೆ ಮಾಲು, ನೇಯ್ಗೆಯಲ್ಲಿ ಸಣ್ಣ ದೋಷವಿದ್ದು ಪಕ್ಕಕ್ಕಿಟ್ಟದ್ದು, ರಫ್ತಿಗೆಂದು ಹೊಲಿದು ಹೆಚ್ಚಾದದ್ದು, ಜೊತೆಗೆ ಈ ತಿಂಗಳಿಗೆಂದೇ ಅಗ್ಗವಾಗಿ ತಯಾರಿಸಿದ್ದು. ಹಾಸಿಗೆ ಹೊದಿಕೆ, ದಿಂಬಿನ ಚೀಲ, ಪರದೆ, ನೈಟಿ, ಲುಂಗಿ, ಗಮ್ಛಾ ಎಂಬ ಚೌಕಳಿಯ ಮೈ ಒರೆಸುವ ವಸ್ತ್ರ, ಮಕ್ಕಳ ಫ್ರಾಕು, ಸ್ಟೀಲು ಪ್ಲಾಸ್ಟಿಕ್ ಸಾಮಾನು, ಟೆರಾಕೋಟ ಓಲೆ, ಚಪ್ಪಲಿ ಇವೆಲ್ಲ ಇರುತ್ತವಾದರೂ ಸಂತೆಯ ಜೀವಾಳ ಹತ್ತಿಯ ‘ತಾಂತ್’ ಸೀರೆ. ಶಾಂತಿಪುರ, ಧನಿಯಾಖಾಲಿಗಳ ಹೆಸರಿನಲ್ಲಿ ಇಲ್ಲಿ ರಾಶಿ ಬೀಳುವ ಅಗ್ಗದ ಸೀರೆಗಳಲ್ಲಿ ಬಹಳಷ್ಟು ಯಂತ್ರಮಗ್ಗದವು ಎಂಬುದು ಕೊಳ್ಳುವವರಿಗೂ ಗೊತ್ತು. ಕೈಮಗ್ಗದ್ದೇ ಬೇಕೆಂದವರು ಇಲ್ಲಿಗೆ ಬರುವುದಕ್ಕಿಂತ ನೇಕಾರರ ಸಹಕಾರ ಸಂಘಗಳ ಮಳಿಗೆಗೆ ಹೋಗುವುದು ಲೇಸು.

ಫುಟ್‌ಪಾತ್‌ಗೆ ಬರುವ ಈ ಬಟ್ಟೆಯ ಹಿಂದೆ ಬೇರೆಯದೇ ಒಂದು ಭೂಗೋಳವಿದೆ. ಬ್ರಿಟಿಷರು 1856ರಲ್ಲಿ ಅವಧ್‌ನ ಕೊನೆಯ ನವಾಬ ವಾಜಿದ್ ಅಲಿ ಷಾನನ್ನು ಪದಚ್ಯುತಗೊಳಿಸಿದಾಗ ಅವನು ಕಲ್ಕತ್ತೆಯ ಪಶ್ಚಿಮ ಅಂಚಿನ ಮೆಟಿಯಾಬುರ್ಜ್‌ನಲ್ಲಿ ನೆಲೆಸಿದನು. ಅವನ ಪರಿವಾರದೊಡನೆ ಅಡುಗೆಯವರು, ಗಾಯಕರು ಬಂದಂತೆ ದರ್ಜಿಗಳೂ ಬಂದರು, ಮತ್ತು ಕಾಲಕ್ರಮದಲ್ಲಿ ಆ ಬಡಾವಣೆ ಸಿದ್ಧ ಉಡುಪಿನ, ವಿಶೇಷವಾಗಿ ಮಕ್ಕಳ ಬಟ್ಟೆಯ ದೊಡ್ಡ ಕೇಂದ್ರವಾಯಿತು. ಅಲ್ಲಿ ಬಟ್ಟೆ ಕೊಂಡು, ಕತ್ತರಿಸಿ, ಕಾರಿಗರರಿಂದ ಹೊಲಿಸಿ ಮಾರುವ ಯಜಮಾನನನ್ನು ‘ಓಸ್ತಾಗರ್’ ಎನ್ನುತ್ತಾರೆ. ಅವನ ಮಾಲು ಹೂಗ್ಲಿ ನದಿಯಾಚೆಯ ಹೌರಾದ ಮಂಗ್ಲಾ ಹಾಟ್ ಎಂಬ ಸಗಟು ಸಂತೆಯ ಮೂಲಕವೋ, ಕೊಲ್ಕತ್ತದ ಸಗಟು ಪೇಟೆಯಾದ ಬಡಾಬಜಾರಿನ ವರ್ತಕರ ಮೂಲಕವೋ ಬೀದಿ ವ್ಯಾಪಾರಿಯನ್ನು ತಲುಪುತ್ತದೆ. 2023ರ ಜುಲೈನಲ್ಲಿ ಮಂಗ್ಲಾ ಹಾಟ್‌ನ ಒಂದು ಭಾಗ ಸುಟ್ಟುಹೋಗಿ ಅಪಾರ ಬಟ್ಟೆ ಬೂದಿಯಾಯಿತು. 2024ರ ಮಾರ್ಚ್ 15ರಿಂದ ಹೂಗ್ಲಿಯ ತಳದಲ್ಲಿ ಕೊರೆದ ಸುರಂಗದಲ್ಲಿ ಮೆಟ್ರೊ ರೈಲು ಹೌರಾ ಮೈದಾನದಿಂದ ಎಸ್ಪ್ಲನೇಡ್‌ಗೆ ಪ್ರಯಾಣಿಕರನ್ನು ಒಯ್ಯತೊಡಗಿದ್ದರಿಂದ ಸಗಟು ಸಂತೆಗೂ ಚಿಲ್ಲರೆ ಬೀದಿಗೂ ನಡುವಿನ ಹಾದಿ ಕೆಲವೇ ನಿಮಿಷಗಳದ್ದಾಗಿದೆ.

ಮೆಟಿಯಾಬುರ್ಜ್‌ನ ದರ್ಜಿಗಳಲ್ಲಿ ಬಹುಸಂಖ್ಯಾತರು ಮುಸ್ಲಿಮರು. ಹಿಜರಿ ವರ್ಷ ಸೌರ ವರ್ಷಕ್ಕಿಂತ ಸುಮಾರು 11 ದಿನ ಚಿಕ್ಕದಾದ್ದರಿಂದ ಈದ್ ಹಬ್ಬ ಹಿಂದೆ ಹಿಂದೆ ಸರಿಯುತ್ತ 2024ರಲ್ಲಿ ಏಪ್ರಿಲ್ 11ಕ್ಕೂ 2025ರಲ್ಲಿ ಮಾರ್ಚ್ 31ಕ್ಕೂ, ಅಂದರೆ ಎರಡೂ ವರ್ಷ ಚೈತ್ರದೊಳಕ್ಕೇ ಬಂತು. ಅಂಥ ವರ್ಷಗಳಲ್ಲಿ ರಂಜಾನ್ ಸಂಜೆಯ ಖರೀದಿಯೂ ಚೈತ್ರ ಸೇಲ್ ಖರೀದಿಯೂ ನ್ಯೂ ಮಾರ್ಕೆಟ್‌ನ ಒಂದೇ ಕಲ್ಲುಹಾಸಿನ ಮೇಲೆ ನಡೆದು, ಹೊಸ ವರ್ಷದ ಸೀರೆಯನ್ನೂ ಈದ್‌ನ ಕುರ್ತಾವನ್ನೂ ಒಬ್ಬನೇ ವ್ಯಾಪಾರಿ ಮಾರುತ್ತಾನೆ. ರಿಯಾಯಿತಿ ಹಬ್ಬವೆಂದು ಬರೆಯುವ ವರದಿಗಳಲ್ಲಿ ಈ ಅಂಶಕ್ಕೆ ಸಿಗಬೇಕಾದಷ್ಟು ಜಾಗ ಸಿಕ್ಕಿಲ್ಲ.

ಸಂದರ್ಶಕರಿಗೆ ಹವಾಮಾನದ ಅರಿವು ಅಗತ್ಯ. ಚೈತ್ರದ ಕೊಲ್ಕತ್ತದಲ್ಲಿ ಸೆಕೆ ತೇವದೊಂದಿಗೆ ಬರುವುದರಿಂದ ಮಧ್ಯಾಹ್ನ ನಡೆಯುವುದು ಶ್ರಮ, ಸಂಜೆ ಜನಸಂದಣಿ ವಿಪರೀತ. ವಾರದ ನಡುವಿನ ದಿನ ಬೆಳಗ್ಗೆ 11ರ ನಂತರದ ಒಂದೆರಡು ಗಂಟೆ ಬಟ್ಟೆ ಬಿಡಿಸಿ ನೋಡುವಷ್ಟು ಬಿಡುವು ಕೊಡುತ್ತದೆ. ಕರ್ನಾಟಕದಲ್ಲಿ ಕಾಫಿಯ ಹೂಮಳೆ ಎನಿಸಿಕೊಳ್ಳುವ ಮುಂಗಾರುಪೂರ್ವ ಮಳೆಯು ಬಂಗಾಳದಲ್ಲಿ ‘ಕಾಲಬೈಸಾಕಿ’ ಎಂಬ ಬಿರುಗಾಳಿಯ ರೂಪದಲ್ಲಿ ಸಂಜೆಯ ಹೊತ್ತಿಗೆ ಏಕಾಏಕಿ ಬಂದೆರಗುತ್ತದೆ, ಎರಡೇ ನಿಮಿಷದಲ್ಲಿ ಇಡೀ ಸಾಲಿನ ಮಾಲು ಪ್ಲಾಸ್ಟಿಕ್ ಹಾಳೆಯಡಿ ಸೇರುತ್ತದೆ. ಚೌಕಾಸಿಗೆ ಇಲ್ಲಿ ತನ್ನದೇ ಶಿಸ್ತಿದೆ: ಒಂದೇ ದರದ ಫಲಕವಿಟ್ಟು ರಾಶಿಯಿಂದ ಆರಿಸಿಕೊಳ್ಳಲು ಬಿಡುವವನ ಬಳಿ ಬೆಲೆ ಇಳಿಯದು, ಒಂದೊಂದೇ ಸೀರೆ ಬಿಡಿಸಿ ತೋರಿಸುವವನು ಮೊದಲು ಹೇಳುವ ಬೆಲೆಯನ್ನು ಯಾರೂ ಬೆಲೆಯೆಂದು ಪರಿಗಣಿಸುವುದಿಲ್ಲ. ಕೇಳಿದ ದರಕ್ಕೆ ವ್ಯಾಪಾರಿ ಒಪ್ಪಿದ ಮೇಲೆ ಕೊಳ್ಳದೆ ಹೊರಡುವುದು ಮಾತ್ರ ಅಸಭ್ಯ. ನಡುನಡುವೆ ಪಾನಿಪುರಿಯ ಬಂಗಾಳಿ ರೂಪವಾದ ಫುಚ್ಕಾ, ನಮ್ಮ ಚುರುಮುರಿಯ ಸೋದರಸಂಬಂಧಿಯಾದ ಸಾಸಿವೆ ಎಣ್ಣೆಯ ಝಾಲ್ ಮುರಿ, ಸುಟ್ಟ ಮಾವಿನಕಾಯಿಯ ಶರಬತ್ತು ಸಿಗುತ್ತವೆ.

ಮಾರಾಟದ ತಿಂಗಳು ಉತ್ಸವವಾಗಿ ಮುಗಿಯುವುದು ಕೊನೆಯ ದಿನವಾದ ಚೈತ್ರ ಸಂಕ್ರಾಂತಿಯಂದು. ಹಾತಿಬಾಗಾನ್‌ನಿಂದ ಅನತಿ ದೂರದ ಬೀಡನ್ ಸ್ಟ್ರೀಟ್‌ನಲ್ಲಿ, ಛಾತು ಬಾಬು ಲಾಟು ಬಾಬು ಬಜಾರಿನ ಬಳಿ, ‘ಚಡಕ್’ ಎಂಬ ಶಿವನ ಹಬ್ಬವೂ ಅದರ ಸುತ್ತ ಒಂದು ಮೇಳವೂ ನಡೆಯುತ್ತವೆ. ಛಾತು ಬಾಬು, ಲಾಟು ಬಾಬು ಎಂಬುವರು ಅಮೆರಿಕದ ಹಡಗು ವ್ಯಾಪಾರಿಗಳೊಂದಿಗೆ ವ್ಯವಹರಿಸಿ ಕೋಟ್ಯಧೀಶನಾದ ರಾಮದುಲಾಲ್ ಡೇ ಎಂಬಾತನ ಮಕ್ಕಳು. ಚಡಕ್‌ನಲ್ಲಿ ನೆಟ್ಟ ಎತ್ತರದ ಕಂಬದ ತುದಿಗೆ ಅಡ್ಡತೊಲೆ ಕಟ್ಟಿ, ಅದರಿಂದ ತೂಗಿಬಿದ್ದ ವ್ರತಧಾರಿ ಸಂನ್ಯಾಸಿ ಗಾಳಿಯಲ್ಲಿ ಸುತ್ತುತ್ತಾನೆ. ಕರ್ನಾಟಕದ ಸಿಡಿ ಆಡುವ ಆಚರಣೆಯನ್ನು ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ. ಹಿಂದೆ ಬೆನ್ನಿನ ಚರ್ಮಕ್ಕೆ ಕಬ್ಬಿಣದ ಕೊಕ್ಕೆ ಚುಚ್ಚಿ ತೂಗುತ್ತಿದ್ದರು. 1862ರಲ್ಲಿ ಪ್ರಕಟವಾದ ಕಾಳಿಪ್ರಸನ್ನ ಸಿಂಹರ ‘ಹುತೋಮ್ ಪ್ಯಾಂಚಾರ್ ನಕ್ಷಾ’ ಎಂಬ ವಿಡಂಬನ ಕೃತಿ ತೆರೆದುಕೊಳ್ಳುವುದೇ ಕಲ್ಕತ್ತೆಯ ಚಡಕ್ ಗದ್ದಲದಿಂದ. ಮೂರು ವರ್ಷಗಳ ನಂತರ, 1865ರ ಮಾರ್ಚ್‌ನಲ್ಲಿ, ಬಂಗಾಳದ ಲೆಫ್ಟಿನೆಂಟ್ ಗವರ್ನರ್ ಸೆಸಿಲ್ ಬೀಡನ್ ಕೊಕ್ಕೆ ಚುಚ್ಚುವುದನ್ನು ನಿಷೇಧಿಸಿದನು. ಬೀಡನ್ ಸ್ಟ್ರೀಟ್‌ಗೆ ಇರುವುದು ಅವನದೇ ಹೆಸರು, ಮತ್ತು ನಗರದ ಅತಿ ಪ್ರಸಿದ್ಧ ಚಡಕ್ ಇಂದಿಗೂ ಸುತ್ತುವುದು ಅವನ ಹೆಸರಿನ ಬೀದಿಯಲ್ಲೇ, ಕೊಕ್ಕೆಯ ಬದಲು ಹಗ್ಗ ಬಿಗಿದುಕೊಂಡು. ಮೇಳದಲ್ಲಿ ಸಿಗುವ ಸಾಮಾನು ಫುಟ್‌ಪಾತ್‌ನ ಮಾಲಿಗಿಂತ ಹಳೆಯ ಕಾಲದ್ದು: ಬಿದಿರಿನ ಮೊರ, ಬುಟ್ಟಿ, ಮರದ ಮಣೆ, ಮಣ್ಣಿನ ಗೊಂಬೆ, ಮತ್ತು ನಮ್ಮ ಈಳಿಗೆ ಮಣೆಯಂತೆ ನೆಲದ ಮೇಲೆ ಕುಳಿತು ಬಳಸುವ ‘ಬಟಿ’.

ಇಷ್ಟು ದೊಡ್ಡ ಸಂತೆ ನಿಂತಿರುವುದು ನಡೆಯುವವರಿಗೆಂದು ಹಾಸಿದ ಕಲ್ಲಿನ ಮೇಲೆ ಎಂಬ ಸಂಗತಿಯನ್ನು ಯಾವ ಸಂಭ್ರಮವೂ ಮರೆಸಲಾರದು. 1996ರ ನವೆಂಬರ್ 24ರ ರಾತ್ರಿ, ಅಂದಿನ ಎಡರಂಗ ಸರ್ಕಾರ ಮತ್ತು ನಗರಪಾಲಿಕೆ ‘ಆಪರೇಷನ್ ಸನ್‌ಶೈನ್’ ಎಂಬ ಕಾರ್ಯಾಚರಣೆಯಲ್ಲಿ ಗರಿಯಾಹಾಟ್, ಹಾತಿಬಾಗಾನ್ ಮುಂತಾದ ಕಡೆಗಳ ಬೀದಿ ಅಂಗಡಿಗಳನ್ನು ಕೆಡವಿದವು. ವ್ಯಾಪಾರಿಗಳು ಹಾಕರ್ ಸಂಗ್ರಾಮ್ ಕಮಿಟಿಯ ಅಡಿಯಲ್ಲಿ ಸಂಘಟಿತರಾದರು, ಕೆಲವೇ ವರ್ಷಗಳಲ್ಲಿ ಅವರು ಅದೇ ಜಾಗಗಳಿಗೆ ಮರಳಿದ್ದರು. ಬೀದಿ ವ್ಯಾಪಾರವು ಸಂವಿಧಾನದ 19ನೆಯ ವಿಧಿಯಡಿ ಬರುವ ವೃತ್ತಿಯ ಹಕ್ಕು, ಆದರೆ ಅದಕ್ಕೆ ಸಮಂಜಸ ನಿರ್ಬಂಧಗಳಿರಬಹುದು ಎಂದು ಸುಪ್ರೀಂ ಕೋರ್ಟ್ 1989ರ ಸೋದನ್ ಸಿಂಗ್ ಪ್ರಕರಣದಲ್ಲಿ ಆಗಲೇ ಹೇಳಿತ್ತು. 2014ರ ಬೀದಿ ವ್ಯಾಪಾರಿಗಳ ಕಾಯ್ದೆಯು ಸಮೀಕ್ಷೆ, ಪ್ರಮಾಣಪತ್ರ ಮತ್ತು ಕನಿಷ್ಠ ಶೇ. 40ರಷ್ಟು ವ್ಯಾಪಾರಿ ಪ್ರತಿನಿಧಿಗಳಿರುವ ಪಟ್ಟಣ ಮಾರಾಟ ಸಮಿತಿಯನ್ನು ಕಡ್ಡಾಯಗೊಳಿಸಿತು. ಫುಟ್‌ಪಾತ್‌ನ ಮೂರನೆಯ ಒಂದು ಭಾಗ ವ್ಯಾಪಾರಿಗೆ, ಉಳಿದದ್ದು ಪಾದಚಾರಿಗೆ ಎಂಬುದು ಕೊಲ್ಕತ್ತದ ನಿಯಮ. ಚೈತ್ರದ ಸಂಜೆ ಗರಿಯಾಹಾಟ್‌ನಲ್ಲಿ ನಿಂತು ನೋಡಿದವರಿಗೆ ಈ ಭಿನ್ನರಾಶಿ ತಲೆಕೆಳಗಾಗಿ ಕಾಣುತ್ತದೆ. 2019ರ ಜನವರಿಯಲ್ಲಿ ಗರಿಯಾಹಾಟ್‌ನ ಹಳೆಯ ಕಟ್ಟಡವೊಂದಕ್ಕೆ ಬೆಂಕಿ ಬಿದ್ದಾಗ ಬೀದಿ ಅಂಗಡಿಗಳ ಪ್ಲಾಸ್ಟಿಕ್ ಹೊದಿಕೆಗಳು ಟೀಕೆಗೆ ಗುರಿಯಾಗಿ, ಅವನ್ನು ತೆಗೆಸುವ ಪ್ರಯತ್ನ ನಡೆಯಿತು. 2024ರ ಜೂನ್‌ನಲ್ಲಿ ರಾಜ್ಯ ಸರ್ಕಾರ ಮತ್ತೆ ತೆರವು ಆರಂಭಿಸಿ, ಕೆಲವೇ ದಿನಗಳಲ್ಲಿ ಅದನ್ನು ಒಂದು ತಿಂಗಳ ಮಟ್ಟಿಗೆ ತಡೆಹಿಡಿದು, ಸಮೀಕ್ಷೆಗೆ ಆದೇಶಿಸಿತು. ತೆರವು ಮತ್ತು ಮರಳುವಿಕೆಯ ಈ ಚಕ್ರದಲ್ಲಿ ಪಾದಚಾರಿಯ ದೂರು ನ್ಯಾಯವಾದದ್ದೇ, ಆದರೆ ದೂರುವ ಪಾದಚಾರಿಯೇ ಚೈತ್ರದಲ್ಲಿ ಗಿರಾಕಿಯಾಗಿ ನಿಲ್ಲುವುದರಿಂದ ಅದಕ್ಕೆ ಬಲ ಕೂಡುವುದಿಲ್ಲ.

ಬೀದಿ ವ್ಯಾಪಾರಿಗೆ ತೆರವಿನ ಭಯಕ್ಕಿಂತ ಹತ್ತಿರದ್ದು ಸಾಲ. 2020ರ ಮಾರ್ಚ್ 25ರಂದು ಲಾಕ್‌ಡೌನ್ ಆರಂಭವಾದಾಗ ಚೈತ್ರ ಸೇಲ್‌ಗೆಂದು ತಂದ ಮಾಲೆಲ್ಲ ಕಟ್ಟಿದ ಗಂಟಿನಲ್ಲೇ ಉಳಿಯಿತು, ಮೊದಲ ಹಂತದ ಲಾಕ್‌ಡೌನ್ ಕೊನೆಗೊಳ್ಳಬೇಕಿದ್ದ ಏಪ್ರಿಲ್ 14ರಂದೇ ಪೊಯ್ಲಾ ಬೊಯ್‌ಶಾಖ್ ಬಂದುಹೋಯಿತು. ಆನ್‌ಲೈನ್ ಮಾರಾಟ ಮತ್ತು ಮಾಲ್‌ಗಳು ವರ್ಷವಿಡೀ ರಿಯಾಯಿತಿ ಕೊಡತೊಡಗಿದ ಮೇಲೆ ಒಂದೇ ತಿಂಗಳ ರಿಯಾಯಿತಿಗೆ ಕಾಯುವ ಅಗತ್ಯ ಕಡಿಮೆಯಾಗಿದೆ. ಆದರೂ ಸಗಟು ವರ್ತಕನಿಂದ ಉದ್ರಿಗೆ ತಂದ ಮಾಲಿನ ಹಣ ವರ್ಷಾಂತ್ಯಕ್ಕೆ ಸಲ್ಲಬೇಕೆಂಬ ಕಟ್ಟಳೆ ಹಾಗೆಯೇ ಇದೆ. ಫುಟ್‌ಪಾತ್‌ನ ವ್ಯಾಪಾರಿಗೆ ಗಿರಾಕಿಗಳನ್ನು ಕರೆದು ಹಾಲ್ ಖಾತಾ ನಡೆಸುವಷ್ಟು ಜಾಗವಾಗಲಿ, ಖಾಯಂ ಲೆಕ್ಕವಾಗಲಿ ಇರುವುದು ಅಪರೂಪ. ವೈಶಾಖದ ಮೊದಲ ದಿನ ಅವನು ಬಡಾಬಜಾರಿನ ವರ್ತಕನ ಗದ್ದಿಗೆಗೆ ತಾನೇ ಗಿರಾಕಿಯಾಗಿ ಹೋಗಿ, ಚೈತ್ರದಲ್ಲಿ ಗಳಿಸಿದ ನಗದಿನಿಂದ ಬಾಕಿ ಕಟ್ಟಿ, ಸಿಹಿಯ ಪೊಟ್ಟಣವನ್ನೂ ಕ್ಯಾಲೆಂಡರನ್ನೂ ಪಡೆದು, ದುರ್ಗಾಪೂಜೆಯ ವ್ಯಾಪಾರಕ್ಕೆ ಬೇಕಾಗುವ ಮಾಲನ್ನು ಹೊಸ ಪುಸ್ತಕದಲ್ಲಿ ತನ್ನ ಹೆಸರಿಗೆ ಬರೆಸಿಕೊಳ್ಳುತ್ತಾನೆ.